ಕೈಲಾಸದ ದಾರಿಯಲ್ಲಿ ಒಂದು ಒಪ್ಪಿಗೆಪತ್ರ

ಕೈಲಾಸವೆಂಬ ಹೆಸರು ಕೇಳಿಬಾರದ ಶರಣರ ಮನೆ ನಮ್ಮ ನಾಡಿನಲ್ಲಿ ಇರಲಾರದು. ತೊಟ್ಟಿಲ ಹಾಡಿನಲ್ಲಿಯೂ ಅದು ಉಂಟು, ಲಿಂಗೈಕ್ಯರಾದವರನ್ನು ನೆನೆಯುವ ಮಾತಿನಲ್ಲಿಯೂ ಉಂಟು. ಆದರೆ ಆ ಹೆಸರಿನ ಪರ್ವತವು ಚೀನಾ ದೇಶದ ಆಡಳಿತಕ್ಕೆ ಒಳಪಟ್ಟ ಟಿಬೆಟ್ಟಿನ ಪಶ್ಚಿಮ ಭಾಗದಲ್ಲಿದೆ. ಅದನ್ನು ಕಣ್ಣಾರೆ ಕಾಣಬಯಸುವ ಭಕ್ತನು ಶಿವನ ಅಪ್ಪಣೆಗಿಂತ ಮೊದಲು ಎರಡು ಸರಕಾರಗಳ ಅಪ್ಪಣೆಯನ್ನು ಪಡೆಯಬೇಕಾಗುತ್ತದೆ. 2025ರ ಬೇಸಿಗೆಯಲ್ಲಿ ನಾನು ಆ ಅಪ್ಪಣೆಯನ್ನು ಬೇಡಿದ ಬಗೆಯನ್ನು ವಾಚಕರ ಮುಂದಿಡುತ್ತೇನೆ.

ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಶರಣರ ಅನುಯಾಯಿಗೆ ಈ ದೂರದ ಯಾತ್ರೆಯೇಕೆಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಪರ್ವತದಿಂದ ಪಡೆಯಬೇಕಾದ ಪುಣ್ಯ ಬೇರೊಂದಿಲ್ಲ. ಪುಣ್ಯಕ್ಕಾಗಿ ನಾನು ಹೊರಟವನಲ್ಲ. ಎಳೆಯ ವಯಸ್ಸಿನಲ್ಲಿ ಮಠದ ಪಡಸಾಲೆಯಲ್ಲಿ ಕುಳಿತು ಕೇಳಿದ ಪುರಾಣದ ಬೆಟ್ಟವನ್ನು ಮುಪ್ಪು ಬರುವ ಮೊದಲು ಒಮ್ಮೆ ನೋಡಬೇಕೆಂಬ ಆಸೆ ಮಾತ್ರ ಇತ್ತು.

ಹಿಂದಿನ ಕಾಲದಲ್ಲಿ ಈ ಅಪ್ಪಣೆ ಸುಲಭವಾಗಿತ್ತು. 1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ದೇಶಗಳು ಮಾಡಿಕೊಂಡ ಒಪ್ಪಂದದಲ್ಲಿ ಯಾತ್ರಿಕರಿಗೆ ಯಾವ ಗುರುತಿನ ಪತ್ರವೂ ಬೇಕಿಲ್ಲವೆಂದೂ, ಗಡಿಯ ಠಾಣೆಯಲ್ಲಿ ಹೆಸರು ಬರೆಯಿಸಿ ಯಾತ್ರೆಯ ಪರವಾನಗಿಯನ್ನು ಪಡೆದರೆ ಸಾಕೆಂದೂ ಇತ್ತು. 1962ರಲ್ಲಿ ಆ ಒಪ್ಪಂದದ ಅವಧಿ ಮುಗಿಯಿತು, ಯುದ್ಧವೂ ಆಯಿತು, ದಾರಿಯೂ ಮುಚ್ಚಿತು. 1981ರಲ್ಲಿ ಲಿಪುಲೇಖ್ ಕಣಿವೆಯ ಮೂಲಕ ಯಾತ್ರೆ ಮರಳಿ ಆರಂಭವಾಯಿತು. 2015ರಲ್ಲಿ ಸಿಕ್ಕಿಮಿನ ನಾಥೂಲಾ ದಾರಿಯೂ ತೆರೆಯಿತು. 2020ರಿಂದ ಐದು ವರ್ಷ ಸರಕಾರದ ಯಾತ್ರೆ ನಡೆಯಲೇ ಇಲ್ಲ. 2025ರಲ್ಲಿ ಲಿಪುಲೇಖ್ ಮೂಲಕ ಐವತ್ತು ಜನರ 5 ತಂಡಗಳಿಗೂ ನಾಥೂಲಾ ಮೂಲಕ 10 ತಂಡಗಳಿಗೂ ಅವಕಾಶವಾಯಿತು. ಗಣಕಯಂತ್ರದ ಚೀಟಿ ಎತ್ತುವಿಕೆಯಲ್ಲಿ ನನ್ನ ಹೆಸರು ನಾಥೂಲಾ ದಾರಿಗೆ ಬಂದಿತು. ಮೊಣಕಾಲ ನೋವಿನಿಂದ ನನ್ನ ಮನೆಯವರು ಅರ್ಜಿ ಹಾಕಿರಲಿಲ್ಲ.

ಚೀನಾದ ಸಾಮಾನ್ಯ ಪ್ರವಾಸಿ ವೀಸಾ ಒಂದಿದ್ದರೆ ಕೈಲಾಸಕ್ಕೆ ಹೋಗಬಹುದೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಬೀಜಿಂಗ್, ಶಾಂಘೈ ನಗರಗಳಿಗೆ ಸಾಲುವ ವೀಸಾ ಟಿಬೆಟ್ಟಿಗೆ ಸಾಲದು. ಪರದೇಶದವರಿಗೆ ಅಲ್ಲಿ ಬೇರೆ ಪರವಾನಗಿ ಬೇಕು. ಒಬ್ಬಂಟಿಯಾಗಿ ಮನಬಂದಂತೆ ತಿರುಗಲು ಅನುಮತಿಯಿಲ್ಲ. ಸರಕಾರದ ಯಾತ್ರೆಯಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ತಂಡದ ಪರವಾಗಿ ವೀಸಾವನ್ನು ಪಡೆದುಕೊಡುತ್ತದೆ. ಅದು ಸಾಮೂಹಿಕ ವೀಸಾ. ತಂಡದವರೆಲ್ಲರ ಹೆಸರುಗಳಿರುವ ಒಂದೇ ಪಟ್ಟಿ, ಕ್ರಮಸಂಖ್ಯೆಯಂತೆ. ಎಲ್ಲರೂ ಕೂಡಿಯೇ ಒಳಗೆ ಹೋಗಬೇಕು, ಕೂಡಿಯೇ ಹೊರಗೆ ಬರಬೇಕು.

ಯಾತ್ರಿಕನ ವಯಸ್ಸು 18ರಿಂದ 70ರ ಒಳಗಿರಬೇಕು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗೆ ಕಡಿಮೆಯಿಲ್ಲದೆ ಉಳಿದಿರಬೇಕು. ಎತ್ತರಕ್ಕೆ ತಕ್ಕ ತೂಕವಿರಬೇಕು. ಈ ನಿಯಮದ ದೆಸೆಯಿಂದ ನಾನು ಮೂರು ತಿಂಗಳು ಹೋಳಿಗೆ ತುಪ್ಪವನ್ನು ಬಿಟ್ಟು, ಬೆಳಗಿನ ಜಾವ ಎರಡು ಹರದಾರಿ ನಡೆದೆ. ಇವೆಲ್ಲ ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಕೊನೆಯ ಒಂದು ಕಾಗದ.

ದೆಹಲಿಗೆ ತರಬೇಕಾದ ಪತ್ರಗಳಲ್ಲಿ ಒಂದು ಛಾಪಾ ಕಾಗದದ ಮುಚ್ಚಳಿಕೆ. ಇನ್ನೊಂದು ಆಪತ್ತಿನಲ್ಲಿ ಹೆಲಿಕಾಪ್ಟರ್ ಬಳಸಬೇಕಾದರೆ ಅದಕ್ಕೆ ಸಂಬಂಧಿಸಿದ ಕರಾರು. ಮೂರನೆಯದು, ಚೀನಾದ ಗಡಿಯೊಳಗೆ ಮರಣ ಹೊಂದಿದಲ್ಲಿ ಶವವನ್ನು ಅಲ್ಲಿಯೇ ದಹನ ಮಾಡಲು ಒಪ್ಪಿಗೆ. ಆ ಪತ್ರವನ್ನು ಓದಿ ಹೇಳಿದಾಗ ನನ್ನ ಮನೆಯವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. "ಅಲ್ರೀ, ನಿಮ್ಮನ್ನ ಸುಡಾಕ ನೀವಽ ಸಹಿ ಮಾಡ್ತೀರೇನು? ಮೈಮ್ಯಾಲಿನ ಲಿಂಗದ ಗತಿ ಏನ್ರಿ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿ ಮಣ್ಣಿಗೆ ಒಪ್ಪಿಸುವುದು ನಮ್ಮ ಸಂಪ್ರದಾಯ. ನಮ್ಮ ತಂದೆ ತಾಯಿಗಳು ಹೊಲದ ಬದುವಿನಲ್ಲಿ ಹಾಗೆಯೇ ಕುಳಿತಿದ್ದಾರೆ. ನಲವತ್ತು ವರ್ಷ ಈ ವಿಧಿಯ ಅರ್ಥವನ್ನು ಇತರರಿಗೆ ಬೋಧಿಸಿದ ನಾನು ನನ್ನ ಪಾಲಿಗೆ ಅದು ಬೇಡವೆಂದು ಬರೆದುಕೊಡಬೇಕಾಗಿತ್ತು. ನಾಲ್ಕು ದಿನ ಆ ಕಾಗದ ದೇವರ ಜಗಲಿಯ ಮೇಲೆ ಸಹಿಯಿಲ್ಲದೆ ಉಳಿಯಿತು.

ಐದನೆಯ ದಿನ ನನಗೆ ಅಕ್ಷರ ಕಲಿಸಿದ ಹಿರಿಯ ಅಪ್ಪಗಳ ಸನ್ನಿಧಿಗೆ ಹೋದೆ. ಅವರು ಕಾಗದವನ್ನು ಎರಡು ಬಾರಿ ಓದಿಸಿಕೊಂಡರು. ಬಳಿಕ, "ದೀಕ್ಷೆಯ ದಿನವೇ ಈ ದೇಹವನ್ನು ಲಿಂಗಕ್ಕೆ ಒಪ್ಪಿಸಿದ್ದೆಯಲ್ಲ? ಒಪ್ಪಿಸಿದ ಮೇಲೆ ಅದು ನಿನ್ನದಲ್ಲ. ನಿನ್ನದಲ್ಲದ್ದನ್ನು ಮಣ್ಣು ತಿಂದರೇನು, ಬೆಂಕಿ ತಿಂದರೇನು?" ಎಂದರು. ನಾನು ಏಳಲು ಅನುವಾದಾಗ ಮತ್ತೆ ಕರೆದು, "ಆದರೆ ನಿನ್ನ ಮನೆಯವರು ಕೇಳಿದ ಮಾತು ಹಗುರಾದುದಲ್ಲ. ಲಿಂಗ ಬೆಂಕಿಗೆ ಬೀಳಬಾರದು. ಅದನ್ನು ಮರಳಿ ತರುವ ಒಬ್ಬರನ್ನು ಗೊತ್ತು ಮಾಡಿಕೊ. ಅದಕ್ಕೆ ಊರಲ್ಲಿ ಸಮಾಧಿಯಾಗಲಿ" ಎಂದರು. ಅಂದು ಸಂಜೆ ನಾನು ಸಹಿ ಮಾಡಿದೆ. ಮನೆಯವರು ಪಕ್ಕದಲ್ಲಿ ಕುಳಿತಿದ್ದರು.

ಒಂದು ಚೀಟಿಯಲ್ಲಿ ಇಂಗ್ಲಿಷ್ ಹಿಂದಿಗಳೆರಡರಲ್ಲೂ ಬರೆದೆ: "ನನಗೆ ಏನಾದರೂ ಆದರೆ ಕೊರಳಲ್ಲಿರುವ ಈ ಕರಡಿಗೆಯನ್ನು ತೆರೆಯದೆ ನನ್ನ ಮನೆಗೆ ಮುಟ್ಟಿಸಬೇಕು." ದೆಹಲಿಯಲ್ಲಿ ಪರಿಚಯವಾದ ಗುಜರಾತದ ಹಿರಿಯರೊಬ್ಬರು ಆ ಚೀಟಿಯನ್ನು ಸಂತೋಷದಿಂದ ಇಸಿದುಕೊಂಡರು. ಆದರೆ ನಾಥೂಲಾದ ಸಮೀಪದ ಶೆರಥಾಂಗಿನಲ್ಲಿ ನಡೆದ ವೈದ್ಯಪರೀಕ್ಷೆಯಲ್ಲಿ ಅವರ ರಕ್ತದೊತ್ತಡ ಇಳಿಯಲೇ ಇಲ್ಲ. ಅವರು ಹಿಂದಿರುಗಬೇಕಾಯಿತು. ಹೊರಡುವಾಗ ನನ್ನ ಚೀಟಿಯನ್ನು ಕೊಟ್ಟು, ಮಾನಸ ಸರೋವರದ ನೀರಿಗಾಗಿ ಒಂದು ಖಾಲಿ ಶೀಸೆಯನ್ನೂ ನನ್ನ ಕೈಗಿತ್ತರು. ಇಬ್ಬರ ಕಣ್ಣೂ ಒದ್ದೆಯಾದವು.

ಸುಮಾರು 14,000 ಅಡಿ ಎತ್ತರದ ನಾಥೂಲಾ ಬಾಗಿಲಿನಲ್ಲಿ ಪಟ್ಟಿಯ ಕ್ರಮಸಂಖ್ಯೆಯಂತೆ ನಿಂತೆವು. ಅಲ್ಲಿ ವ್ಯಾಪಾರಿಯ ಹಿಂದೆ ಗುಮಾಸ್ತ, ವೈದ್ಯನ ಹಿಂದೆ ರೈತ. ಕುಲವನ್ನೂ ಹಣವನ್ನೂ ಕೇಳುವವರಿಲ್ಲ. ಅನುಭವ ಮಂಟಪದ ನೆನಪು ನನಗೆ ಅಲ್ಲಿ ತಾನಾಗಿ ಬಂದಿತು. ನನ್ನ ಹಿಂದೆ ನಿಂತಿದ್ದವರು ಒಡಿಶಾದ ನಿವೃತ್ತ ಶಿಕ್ಷಕಿ. ಚೀಟಿಯನ್ನು ಅವರಿಗೆ ಕೊಟ್ಟೆ. ಅವರು ಓದಿ, ಮಡಿಚಿ, ತಮ್ಮ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು, "ಅಣ್ಣಾ, ಇದರ ಚಿಂತೆ ಬಿಡಿ" ಎಂದು ಹಿಂದಿಯಲ್ಲಿ ಹೇಳಿದರು. ಗಡಿ ದಾಟಿದೊಡನೆ ಗಡಿಯಾರವನ್ನು ಎರಡೂವರೆ ತಾಸು ಮುಂದಕ್ಕೆ ತಿರುಗಿಸಿದೆವು.

ಅಲ್ಲಿಂದ ದಾರ್ಚೆನ್ ಊರಿನವರೆಗೆ ಹಲವು ದಿನಗಳ ಬಸ್ಸಿನ ಪ್ರಯಾಣ. ಮರವಿಲ್ಲದ ಬಯಲು, ಮೇಯುವ ಚಮರೀಮೃಗಗಳು, ಕಣ್ಣು ಮುಟ್ಟುವವರೆಗೆ ಮಣ್ಣಿನ ಬಣ್ಣದ ಗುಡ್ಡಗಳು. ಒಂದು ಮುಂಜಾನೆ ಮೋಡ ಸರಿದು 6,638 ಮೀಟರ್ ಎತ್ತರದ ಕೈಲಾಸ ಕಾಣಿಸಿತು. ಬಸ್ಸಿನಲ್ಲಿ ಯಾರೂ ಮಾತನಾಡಲಿಲ್ಲ. ಬೌದ್ಧರಿಗೂ ಜೈನರಿಗೂ ಬೋನ್ ಮತದವರಿಗೂ ಅದು ಪವಿತ್ರ. ಬೋನ್ ಮತದವರು ನಮಗೆ ಇದಿರಾಗಿ, ಎಡಗಡೆಯಿಂದ ಸುತ್ತುತ್ತಾರೆ. 52 ಕಿಲೋಮೀಟರಿನ ಆ ದಾರಿಯನ್ನು ಮೈಯಿಂದಲೇ ಅಳೆಯುವಂತೆ ಹೆಜ್ಜೆಹೆಜ್ಜೆಗೆ ದೀರ್ಘದಂಡ ನಮಸ್ಕಾರ ಹಾಕುತ್ತ ಸಾಗುತ್ತಿದ್ದ ಟಿಬೆಟ್ಟಿನ ಮುದುಕಿಯೊಬ್ಬಳನ್ನು ಕಂಡು ನನ್ನ ಆಯಾಸ ನಾಚಿತು. 5,630 ಮೀಟರ್ ಎತ್ತರದ ದೋಲ್ಮಾ ಕಣಿವೆಯನ್ನು ಹತ್ತು ಹೆಜ್ಜೆಗೊಮ್ಮೆ ನಿಂತು ದಾಟಿದೆ.

ಮಾನಸ ಸರೋವರದ ದಂಡೆಯಲ್ಲಿ ಬೆಳಗಿನ ಇಷ್ಟಲಿಂಗಪೂಜೆಗೆ ಕುಳಿತೆ. ಮುಂದೆ ಕೈಲಾಸವಿದ್ದಿತು. ದೃಷ್ಟಿ ಅಂಗೈಯ ಮೇಲೆ ನಿಂತಿತು. ಎದುರಿನ ಪರ್ವತವನ್ನು ನೋಡಬೇಕೆಂಬ ನೆನಪೇ ಆಗಲಿಲ್ಲ. ಇದನ್ನು ತಿಳಿಯುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಶರಣರು ನಕ್ಕಾರು. ನನಗಂತೂ ಬರಬೇಕಿತ್ತು.

ನಾಥೂಲಾದಲ್ಲಿ ಮರಳಿ ಅದೇ ಕ್ರಮದಲ್ಲಿ ನಿಂತು ತಾಯ್ನಾಡನ್ನು ಹೊಕ್ಕೆವು. ಶಿಕ್ಷಕಿಯವರು ಚೀಟಿಯನ್ನು ಹಿಂದಿರುಗಿಸಿದರು. ಸರೋವರದ ನೀರಿನ ಶೀಸೆ ಗುಜರಾತಕ್ಕೆ ಹೋಯಿತು. ಯಾತ್ರೆಗೆ ಹೋಗಬಯಸುವ ಬಂಧುಗಳು ಪಾಸ್‌ಪೋರ್ಟಿನ ಅವಧಿಯನ್ನೂ ಹೆಸರಿನ ಅಕ್ಷರಗಳನ್ನೂ ಮೊದಲೇ ನೋಡಿಕೊಳ್ಳಲಿ, ನಡೆಯುವ ಅಭ್ಯಾಸ ಮಾಡಲಿ. ಆ ಮೂರನೆಯ ಕಾಗದವನ್ನು ಮಾತ್ರ ಮನೆಯವರೊಡನೆ ಕುಳಿತು ಓದಲಿ, ಕೇಳುವ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಸಹಿ ಮಾಡಲಿ. ನನ್ನ ಚೀಟಿಯನ್ನು ನನ್ನ ಮನೆಯವರು ಹರಿಯಲಿಲ್ಲ. ಅದು ನಮ್ಮ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇದೆ.