ಹಾಸಿಗೆಯ ಪಕ್ಕದ ಪಾಠ

ಕನ್ನಡ ಪಂಡಿತನೊಬ್ಬನು ತನ್ನ ಅರವತ್ತಮೂರನೆಯ ವಯಸ್ಸಿನಲ್ಲಿ, ಕಂಡರಿಯದ ದೇಶಗಳ ವೈದ್ಯಕೀಯ ವಿಶ್ವವಿದ್ಯಾಲಯಗಳಿಗೆ ಇಂಗ್ಲಿಷಿನಲ್ಲಿ ಬಿನ್ನಹಪತ್ರಗಳನ್ನು ಬರೆಯುತ್ತ ಕುಳಿತಿದ್ದನೆಂದರೆ ನಮ್ಮ ಸಂಘದ ಮಿತ್ರರು ನಕ್ಕಾರು. ಆದರೂ 2022ರ ಬೇಸಗೆಯಲ್ಲಿ ನಾನು ಮಾಡಿದ ಕೆಲಸ ಅದೇ. ಅದೇ ಬೇಸಗೆಯಲ್ಲಿ ಒಂದು ತಪ್ಪನ್ನೂ ಮಾಡಿದೆನು. ಅದನ್ನು ಬಿಟ್ಟು ಉಳಿದುದನ್ನು ಮಾತ್ರ ಹೇಳಿದರೆ ಆತ್ಮಸ್ತುತಿಯಾದೀತೆಂದು ಎರಡನ್ನೂ ಹೇಳುತ್ತಿದ್ದೇನೆ.

ನನ್ನ ಸೇವೆಯ ಬಹುಭಾಗ ಕಳೆದುದು ಮಡಕಶಿರ ಸೀಮೆಯ ಕನ್ನಡ ಶಾಲೆಗಳಲ್ಲಿ. ನಿವೃತ್ತನಾದ ಮೇಲೆ ರಾಯದುರ್ಗದ ಹಿರಿಯರ ಮನೆಯನ್ನು ಸೇರಿದೆನು. ಈ ಎರಡು ಊರುಗಳ ನಡುವೆ ಓಡಾಡಿದವರಿಗೆ ಗೊತ್ತಿರುವಂತೆ, ಕಲ್ಯಾಣದುರ್ಗವನ್ನು ದಾಟಿ ಪಾವಗಡದ ದಾರಿ ಹಿಡಿದರೆ ಆಂಧ್ರವನ್ನು ಬಿಟ್ಟು ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರಕ್ಕೇ ಬಂದು ಇಳಿಯುತ್ತೇವೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಆ ದಾರಿಯಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ತಂದೆಯೊಡನೆ, ಕಾಗದಗಳ ಕಟ್ಟೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿಳಿದಳು.

ಹತ್ತನೆಯ ತರಗತಿಯವರೆಗೆ ಅವಳು ಓದಿದುದು ಕನ್ನಡ ಮಾಧ್ಯಮದಲ್ಲಿ. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆಯನ್ನು ಬರೆಯಬೇಕಷ್ಟೆ. ಅದರ ಕನ್ನಡ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತನ್ನ ರಾಜ್ಯದಲ್ಲಿ ಕುಳಿತು ಬರೆಯುವ ನಮ್ಮ ಹುಡುಗಿಗೆ ತನ್ನ ನುಡಿಯ ಪತ್ರಿಕೆ ಇಲ್ಲ. ಇಂಗ್ಲಿಷಿನಲ್ಲಿ ಬರೆದಳು, ಉತ್ತೀರ್ಣಳಾದಳು. ಆದರೆ ಸರ್ಕಾರಿ ಕಾಲೇಜಿನ ಸ್ಥಾನಕ್ಕೆ ಸಾಕಾಗುವಷ್ಟು ಅಂಕ ಬರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕವನ್ನು ಕೇಳಿದ ತಂದೆ ಎರಡು ದಿನ ಮಾತನಾಡಲಿಲ್ಲವಂತೆ. ಕೊನೆಗೆ ಎರಡು ಎಕರೆ ಹೊಲವನ್ನು ಮಾರಿ 2018ರಲ್ಲಿ ಮಗಳನ್ನು ಯುಕ್ರೇನಿನ ವಿನ್ನಿತ್ಸ್ಯಾ ನಗರಕ್ಕೆ ಕಳುಹಿಸಿದನು. ಆರು ವರ್ಷದ ಓದು. ನಾಲ್ಕನೆಯ ವರ್ಷದ ನಡುವೆ, 2022ರ ಫೆಬ್ರವರಿ 24ರಂದು, ಯುದ್ಧ ಬಂದಿತು.

ಆ ದಿನಗಳನ್ನು ವಾಚಕರು ಮರೆತಿರಲಾರರು. ಯುಕ್ರೇನಿನಿಂದ ಮರಳಿದ ಭಾರತೀಯರು 22,000ಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ವೈದ್ಯ ವಿದ್ಯಾರ್ಥಿಗಳು. ಇವಳು ರುಮೇನಿಯದ ಗಡಿಯನ್ನು ನಡೆದು ದಾಟಿ ವಿಮಾನ ಹತ್ತಿದಳು. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಮರಳಲಿಲ್ಲ. ಖಾರ್ಕಿವ್ ನಗರದಲ್ಲಿ ನಾಲ್ಕನೆಯ ವರ್ಷದಲ್ಲಿಯೇ ಓದುತ್ತಿದ್ದ ಆತನು ಮಾರ್ಚ್ 1ರಂದು, ಆಹಾರ ತರಲೆಂದು ಹೊರಗೆ ಹೋಗಿದ್ದಾಗ ಶೆಲ್ ದಾಳಿಗೆ ಸಿಕ್ಕಿ ಮಡಿದನು. ಮಾರ್ಚ್ 21ರಂದು ಪಾರ್ಥಿವ ಶರೀರ ಊರಿಗೆ ಬಂದಿತು. ತಂದೆತಾಯಿಗಳು ಅದನ್ನು ದಾವಣಗೆರೆಯ ಎಸ್. ಎಸ್. ವೈದ್ಯಕೀಯ ಸಂಸ್ಥೆಗೆ ವಿದ್ಯಾರ್ಥಿಗಳ ಕಲಿಕೆಗಾಗಿ ದಾನ ಮಾಡಿದರು. ನಮ್ಮ ಹುಡುಗಿ ಆ ಸುದ್ದಿಯಿದ್ದ ಪತ್ರಿಕೆಯ ತುಂಡನ್ನು ಕಾಗದಗಳ ಕಟ್ಟಿನ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದಳು. ನಾನು ಅದನ್ನು ನೋಡಿದುದನ್ನು ಅವಳು ನೋಡಿದಳು. ಇಬ್ಬರೂ ಮಾತನಾಡಲಿಲ್ಲ.

“ಪಾಠಗಳು ಕಂಪ್ಯೂಟರಿನಲ್ಲಿ ನಡೆಯುತ್ತಿವೆ, ಸಾರ್” ಎಂದಳು. “ಆದರೆ ಅದು ಲೆಕ್ಕಕ್ಕಿಲ್ಲ. ಕ್ಲಿನಿಕಲ್ ರೊಟೇಷನ್ ಆಗಬೇಕು.”

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ವೈದ್ಯ ವಿದ್ಯಾರ್ಥಿಯು ಪುಸ್ತಕದ ಓದು ಮುಗಿದ ಮೇಲೆ ಆಸ್ಪತ್ರೆಯಲ್ಲಿ ವಿಭಾಗದಿಂದ ವಿಭಾಗಕ್ಕೆ ಸರದಿಯ ಮೇಲೆ ಹೋಗಬೇಕು: ಇಷ್ಟು ವಾರ ಔಷಧ ವಿಭಾಗ, ಇಷ್ಟು ವಾರ ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗ, ಹೀಗೆ. ರೋಗಿಯನ್ನು ತಾನೇ ಮಾತನಾಡಿಸಬೇಕು, ತಾನೇ ಮುಟ್ಟಿ ನೋಡಬೇಕು, ಕಂಡುದನ್ನು ಬರೆದು ಗುರುವಿಗೆ ಒಪ್ಪಿಸಬೇಕು. ಗುರು ತಿದ್ದಿ ಸಹಿ ಹಾಕಬೇಕು. ಆ ರಾತ್ರಿ ನಿಘಂಟನ್ನು ತೆಗೆದು ನೋಡಿದೆನು. ‘ಕ್ಲಿನಿಕಲ್’ ಎಂಬುದರ ಮೂಲ ಗ್ರೀಕ್ ಭಾಷೆಯಲ್ಲಿ ಹಾಸಿಗೆ ಎಂಬರ್ಥದ ‘ಕ್ಲೀನೆ’ ಎಂಬ ಶಬ್ದ. ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ! ಪದಗಳ ಹಿಂದೆ ಹೋಗುವ ಹಳೆಯ ಚಟ ಅಂದು ನನಗೆ ಒಂದಿಷ್ಟು ಬೆಳಕು ಕೊಟ್ಟಿತು. ಆದರೆ ಆ ಬೆಳಕಿನಲ್ಲಿ ನಡೆಯುವ ಬುದ್ಧಿ ಮಾತ್ರ ಆಗ ಬರಲಿಲ್ಲ.

ತಪ್ಪು ನಡೆದುದು ಹೀಗೆ. ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯರ ಬಳಿಗೆ ಅವಳನ್ನು ಕರೆದುಕೊಂಡು ಹೋದೆನು. ಅವರು ಸೌಜನ್ಯಶಾಲಿಗಳು. “ಬಂದು ನಿಂತು ನೋಡಲಿ ಮೇಷ್ಟ್ರೆ, ಬೇಡವೆನ್ನುವುದಿಲ್ಲ. ಆದರೆ ನಾನು ಕೊಡುವ ಕಾಗದ ಯಾವ ಲೆಕ್ಕಕ್ಕೂ ಬಾರದು” ಎಂದರು. ಅವರ ಮಾತು ಸತ್ಯವಾಗಿದ್ದಿತು. ನನಗೆ ಮಾತ್ರ ಅದು ನಿರಾಕರಣೆಯಂತೆ ಕೇಳಿಸಿತು. ಹತ್ತು ದಿನಗಳ ತರುವಾಯ ಬೇರೊಂದು ಊರಿನ ಖಾಸಗಿ ನರ್ಸಿಂಗ್ ಹೋಮಿನವರು, 18,000 ರೂಪಾಯಿ ಕೊಟ್ಟರೆ ಎರಡು ತಿಂಗಳ ‘ಕ್ಲಿನಿಕಲ್ ಅನುಭವ’ದ ಪ್ರಮಾಣಪತ್ರವನ್ನು ಮೊಹರು ಸಹಿತ ಕೊಡುವುದಾಗಿ ಹೇಳಿದರು. ಹುಡುಗಿ ಹಿಂಜರಿದಳು. “ಕಾಗದವಿದ್ದರೆ ಕೆಡುಕೇನು? ಕೊಡಿಸಿರಿ” ಎಂದು ತಂದೆಗೆ ಹೇಳಿದವನು ನಾನು. ಜೀವಮಾನವೆಲ್ಲ ಮಕ್ಕಳ ಉತ್ತರಪತ್ರಿಕೆಗಳಲ್ಲಿ ನಕಲನ್ನು ಹುಡುಕಿದವನು ನಾನು! ಎರಡು ತಿಂಗಳು ಅವಳು ಅಲ್ಲಿ ನೋಂದಣಿ ಪುಸ್ತಕಗಳಲ್ಲಿ ಹೆಸರುಗಳನ್ನು ಬರೆದಳು. ಹಾಸಿಗೆಯ ಪಕ್ಕದಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಆ ಪ್ರಮಾಣಪತ್ರವನ್ನು ಮುಂದೆ ಯಾರೂ ಕೇಳಲಿಲ್ಲ. ಅವಳೂ ಯಾರಿಗೂ ತೋರಿಸಲಿಲ್ಲ. ಆ ಹಣವನ್ನು ನಾನು ಹಿಂದಿರುಗಿಸಲು ಹೋದಾಗ ತಂದೆ ಒಪ್ಪದೆ, “ಗುರುದಕ್ಷಿಣೆ ಅಂದ್ಕೊಳ್ಳಿ ಮೇಷ್ಟ್ರೆ” ಎಂದನು. ಬೈದಿದ್ದರೆ ವಾಸಿಯಾಗಿತ್ತು.

ನಿಯಮಗಳ ಅಡಚಣೆಯೂ ಸಣ್ಣದಾಗಿರಲಿಲ್ಲ. ವಿದೇಶದಲ್ಲಿ ಓದುವವರು ಇಡೀ ಓದನ್ನು ಒಂದೇ ಸಂಸ್ಥೆಯಲ್ಲಿ ಮುಗಿಸಬೇಕೆಂಬುದು ನಮ್ಮ ದೇಶದ ಕಟ್ಟಳೆ. 2021ರ ನವೆಂಬರ್ 18ರ ಹೊಸ ನಿಯಮವು ಇದನ್ನು ಮತ್ತಷ್ಟು ಬಿಗಿಮಾಡಿತು: 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿ, ಯಾವ ಭಾಗವನ್ನೂ ಬೇರೆಡೆ ಮಾಡುವಂತಿಲ್ಲ. ಕಟ್ಟಳೆಯ ಉದ್ದೇಶ ಕೆಟ್ಟದ್ದಲ್ಲ. ನಾನು ಕೊಡಿಸಿದಂತಹ ಕಾಗದಗಳಿಂದ ವೈದ್ಯರು ಹುಟ್ಟಬಾರದೆಂದೇ ಅದು ಇದೆಯಲ್ಲವೆ? ಆದರೆ ಸಂಸ್ಥೆಯಿರುವ ನಗರದ ಮೇಲೆ ಕ್ಷಿಪಣಿ ಬೀಳುತ್ತಿರುವಾಗ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಕಡೆಗೆ ಸೆಪ್ಟೆಂಬರ್ 6ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಯುಕ್ರೇನಿನ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಇತರ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಕಲಿಯಲು ತನ್ನ ಆಕ್ಷೇಪವಿಲ್ಲವೆಂದು ತಿಳಿಸಿತು. ಪದವಿಯನ್ನು ಮಾತ್ರ ಮೂಲ ವಿಶ್ವವಿದ್ಯಾಲಯವೇ ಕೊಡತಕ್ಕದ್ದು.

ಪತ್ರ ಬರೆಯುವ ಕೆಲಸ ಬಿರುಸಾದುದು ಆಗ. ಬೇಸಗೆಯಿಂದಲೇ ಬರೆಯುತ್ತಿದ್ದೆವು. ಒಟ್ಟು 34 ಪತ್ರಗಳು, ಉತ್ತರ ಬಂದುದು ಒಂಬತ್ತಕ್ಕೆ. ಮೊದಲಿನ ಪತ್ರಗಳಲ್ಲಿ ನಾನು ಯುದ್ಧವನ್ನೂ ಬಡತನವನ್ನೂ ವರ್ಣಿಸಿ ಎರಡು ಪುಟ ತುಂಬಿಸುತ್ತಿದ್ದೆನು. ಅವುಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಹುಡುಗಿಯೇ ನನ್ನನ್ನು ತಿದ್ದಿದಳು: “ಅವರಿಗೆ ಬೇಕಾದುದು ಇಷ್ಟೇ, ಸಾರ್. ಯಾವ ವಿಷಯ ಮುಗಿದಿದೆ, ಯಾವುದು ಎಷ್ಟು ಗಂಟೆ ಉಳಿದಿದೆ, ಮೂಲ ವಿಶ್ವವಿದ್ಯಾಲಯದ ಒಪ್ಪಿಗೆ ಇದೆಯೆ, ಎಂದಿನಿಂದ ಬರಬಹುದು.” ಅಂದಿನಿಂದ ಪತ್ರ ಅರ್ಧ ಪುಟಕ್ಕಿಳಿಯಿತು. ಅಂಕಪಟ್ಟಿ ಯುಕ್ರೇನಿಯನ್ ಭಾಷೆಯಲ್ಲಿದ್ದುದರಿಂದ ಇಂಗ್ಲಿಷಿಗೆ ಅನುವಾದಿಸಿ ನೋಟರಿಯವರಿಂದ ದೃಢೀಕರಿಸಬೇಕಾಯಿತು. ಇದರ ನಡುವೆ ಇನ್ನೊಂದು ವಿನೋದ. ಪಾಸ್‌ಪೋರ್ಟಿನಲ್ಲಿ ಅವಳ ಜಿಲ್ಲೆ ಅನಂತಪುರ. ಆ ವರ್ಷದ ಏಪ್ರಿಲ್ 4ರಿಂದ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದುದರಿಂದ ಹೊಸ ಕಾಗದಗಳಲ್ಲಿ ಆ ಹೆಸರು. “ಇಬ್ಬರೂ ಒಬ್ಬಳೆಯೆ?” ಎಂದು ಒಂದು ವಿಶ್ವವಿದ್ಯಾಲಯದವರು ಕೇಳಿದರು. ವ್ಯಕ್ತಿ ಕದಲಿಲ್ಲ, ಜಿಲ್ಲೆ ಕದಲಿತು ಎಂದು ವಿವರಿಸಿ ಬರೆದೆನು. ರಾಯದುರ್ಗದವನಿಗೆ ಇದನ್ನು ಬರೆಯಲು ಹೆಚ್ಚು ಶ್ರಮವಾಗಲಿಲ್ಲ: 1953ರಲ್ಲಿ ನಮ್ಮ ತಾಲ್ಲೂಕು ನಿಂತಲ್ಲಿಯೇ ನಿಂತು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದುದಲ್ಲವೆ!

ಕೊನೆಗೆ ಕರೆದವರು ಜಾರ್ಜಿಯ ದೇಶದ ರಾಜಧಾನಿ ತ್ಬಿಲಿಸಿಯವರು. ನವೆಂಬರಿನಲ್ಲಿ ಹೊರಟಳು. ಪರದೆಯ ಮೇಲೆ ಕಳೆದ ತಿಂಗಳುಗಳ ಗಂಟೆಗಳನ್ನು ತುಂಬಿಕೊಡಲು ರಜೆಯ ದಿನಗಳಲ್ಲಿಯೂ ವಾರ್ಡಿಗೆ ಹೋಗುತ್ತಿದ್ದಳು.

ಅಲ್ಲಿಂದ ಅವಳು ಬರೆದ ಸಂದೇಶಗಳಲ್ಲಿ ಹೆಚ್ಚಿನವು ಭಾಷೆಯ ಮಾತು. ಪಾಠ ಇಂಗ್ಲಿಷಿನಲ್ಲಿ, ರೋಗಿ ಮಾತನಾಡುವುದು ಜಾರ್ಜಿಯನ್ನಿನಲ್ಲಿ. ವಿನ್ನಿತ್ಸ್ಯಾದಲ್ಲಿ ‘ದೆ ಬೊಲಿತ್’ ಎಂದು ಕೇಳಲು ಕಲಿತಿದ್ದಳು. ಇಲ್ಲಿ ‘ಸಾದ್ ಗ್ಟ್ಕಿವಾತ್’. ಎರಡೂ ‘ಎಲ್ಲಿ ನೋವು’ ಎಂಬುದೇ. ಜಾರ್ಜಿಯನ್ನರಿಗೆ 33 ಅಕ್ಷರಗಳ ತಮ್ಮದೇ ಲಿಪಿಯುಂಟು. “ನಮ್ಮ ಅಕ್ಷರದ ಹಾಗೆ ದುಂಡಗಿದೆ ಸಾರ್, ಕೈಗೆ ಬೇಗ ಬಂತು” ಎಂದು ಬರೆದಿದ್ದಳು. ಪ್ರಶ್ನೆಯನ್ನು ಕಲಿಯುವುದು ಸುಲಭ, ಉತ್ತರವನ್ನು ತಿಳಿಯುವುದು ಕಷ್ಟ ಎಂದೂ ಬರೆದಿದ್ದಳು. ನೋವೆಂದರೆ ಒಂದೇ ನೋವೆ? ಉರಿಯುವುದು ಬೇರೆ, ಹಿಂಡುವುದು ಬೇರೆ, ಚುಚ್ಚುವುದು, ಸೆಳೆಯುವುದು, ಸಿಡಿಯುವುದು, ಭಾರವಾಗುವುದು, ಎಲ್ಲವೂ ಬೇರೆ ಬೇರೆ, ರೋಗವೂ ಬೇರೆ. ಅಲ್ಲಿನ ದಾದಿಯೊಬ್ಬಳು ಇಂತಹ ಶಬ್ದಗಳನ್ನು ಒಂದೊಂದಾಗಿ ಅಭಿನಯಿಸಿ ಕಲಿಸಿದಳಂತೆ. ಒಂದು ದಿನ ಸಂದೇಶ ಬಂದಿತು: “ನಮ್ಮ ಕಡೆ ನೋವಿಗೆ ಎಷ್ಟು ಮಾತುಗಳಿವೆ ಸಾರ್? ಬರೆದು ಕಳಿಸುವಿರಾ?” ನಾನು ನಿಘಂಟನ್ನು ಮುಚ್ಚಿಟ್ಟು ಓಣಿಯ ಮುದುಕಿಯರನ್ನು ಕೇಳುತ್ತ ಹೋದೆನು. ಚಳಕು, ಸೆಳೆತ, ತಿವಿತ, ಜೋಮು, ನುಲಿತ, ಕಸಿವಿಸಿ, ಸಂಕಟ, ಹೀಗೆ ನಾಲ್ಕು ಪುಟವಾಯಿತು. ನಾನು ಬರೆದ ಪತ್ರಗಳಲ್ಲಿ ಅವಳಿಗೆ ನಿಜವಾಗಿ ಉಪಯೋಗಕ್ಕೆ ಬಂದುದು ಪ್ರಾಯಶಃ ಅದೊಂದೇ.

2024ರಲ್ಲಿ ಮೂಲ ವಿಶ್ವವಿದ್ಯಾಲಯದ ಪದವಿ ಕೈಸೇರಿತು. ವಿದೇಶದಲ್ಲಿ ಓದಿದವರು ಇಲ್ಲಿ ಬರೆಯಬೇಕಾದ ಪರೀಕ್ಷೆಯಲ್ಲಿ 300 ಪ್ರಶ್ನೆಗಳು, 150 ಸರಿಯಾದರೆ ಉತ್ತೀರ್ಣ. ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನುತ್ತೀರ್ಣರಾಗುವುದೇ ವಾಡಿಕೆ. 2025ರ ಜನವರಿಯಲ್ಲಿ ಅವಳಿಗೆ 141 ಬಂದಿತು. ಜುಲೈಯಲ್ಲಿ ಗೆದ್ದಳು. ಈಗ ಅವಳದು ನಮ್ಮ ದೇಶದಲ್ಲಿ ಮಾಡಬೇಕಾದ ಒಂದು ವರ್ಷದ ತರಬೇತಿ. ಅದರಲ್ಲಿ 12 ವಾರ ಸಮುದಾಯ ವೈದ್ಯಕ್ಕೆ ಮೀಸಲು.

ಆ ಹನ್ನೆರಡು ವಾರಗಳಲ್ಲಿ ಒಂದು ದಿನ ಅವಳಿದ್ದ ಗಡಿಯ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆನು. ನನ್ನ ಸಕ್ಕರೆ ಕಾಯಿಲೆಯ ನೆಪ. ನನಗಿಂತ ಮುಂದೆ ಎಪ್ಪತ್ತರ ಮುದುಕಿಯೊಬ್ಬಳು ಕುಳಿತಿದ್ದಳು. ಚೀಟಿಯಲ್ಲಿ ‘ಹೊಟ್ಟೆ ನೋವು’ ಎಂದು ತೆಲುಗಿನಲ್ಲಿ ಬರೆದಿದ್ದಿತು. ಹುಡುಗಿ ಚೀಟಿಯನ್ನು ನೋಡಿ ಬದಿಗಿಟ್ಟು, ಮುದುಕಿಯ ಪಕ್ಕದಲ್ಲಿ ಕುಳಿತಳು.

“ಎಲ್ಲಿ ನೋವವ್ವ?”

“ನೋವಲ್ಲ ತಾಯಿ, ಸಂಕಟ.” ಮುದುಕಿ ಅವಳ ಕೈಯನ್ನು ಹಿಡಿದು ಎದೆಗೂಡಿನ ಕೆಳಗೆ ಇಟ್ಟುಕೊಂಡಳು.

“ಉರಿಯುತ್ತದೋ, ಹಿಂಡುತ್ತದೋ?”

“ಹಿಂಡ್ತದೆ. ಬೆಳಿಗ್ಗೆಯಿಂದ. ಬೆವರು ಬೇರೆ.”

ಸಕ್ಕರೆ ಕಾಯಿಲೆಯ ಮುದುಕರಲ್ಲಿ ಹೃದಯದ ಆಘಾತವು ಹೊಟ್ಟೆಯ ಸಂಕಟದ ವೇಷದಲ್ಲಿ ಬರುವುದುಂಟೆಂದು ಆಮೇಲೆ ನನಗೆ ಹೇಳಿದಳು. ಆಗ ಏನನ್ನೂ ಹೇಳಲಿಲ್ಲ. ಎದ್ದು ಹೋಗಿ ಹಿರಿಯ ವೈದ್ಯರನ್ನು ಕರೆತಂದಳು, ಇಸಿಜಿ ತೆಗೆಸಿದಳು. ವೈದ್ಯರು ಆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ 108ಕ್ಕೆ ದೂರವಾಣಿ ಮಾಡಿಸಿದರು. ಮುದುಕಿಯ ಮಗನಿಗೆ ಗಾಬರಿ; ಅವನಿಗೆ ತೆಲುಗಿನಲ್ಲಿಯೂ ಮುದುಕಿಗೆ ಕನ್ನಡದಲ್ಲಿಯೂ ಅವಳೇ ಸಮಾಧಾನ ಹೇಳಿ ವಾಹನಕ್ಕೆ ಹತ್ತಿಸಿದಳು.

ವಾಹನ ಹೋದ ಮೇಲೆ ಕೋಣೆಗೆ ಮರಳಿ ತನ್ನ ದಿನಚರಿ ಪುಸ್ತಕವನ್ನು ತೆಗೆದು ನಾಲ್ಕು ಸಾಲು ಬರೆದಳು. ಹಿರಿಯ ವೈದ್ಯರು ಓದಿ, ಒಂದು ಪದವನ್ನು ತಿದ್ದಿ, ಸಹಿ ಹಾಕಿದರು. ಹುಡುಗಿ ನನ್ನ ಕಡೆ ತಿರುಗಿ, “ಬನ್ನಿ ಸಾರ್, ನಿಮ್ಮ ಸರದಿ” ಎಂದಳು.