ಮಗಳು ಕಲಿಸಿದ ಲಿಥಿಯಂ ಪಾಠ

ಬಿಎಸ್ಸಿ, ಬಿಎಡ್ ಮುಗಿಸಿ ಮೇಷ್ಟ್ರಾದಂದಿನಿಂದ ಆವರ್ತ ಕೋಷ್ಟಕವನ್ನು ಅದೆಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. “ಲಿಥಿಯಂ, ಪರಮಾಣು ಸಂಖ್ಯೆ 3, ಲೋಹಗಳಲ್ಲೆಲ್ಲ ಹಗುರ” ಎಂದು ಹೇಳಿ, ಮೊಬೈಲ್ ಬ್ಯಾಟರಿಯ ಉದಾಹರಣೆ ಕೊಟ್ಟು ಸೋಡಿಯಂಗೆ ಹೊರಟುಬಿಡುತ್ತಿದ್ದೆ. ಅದೇ ಲಿಥಿಯಂ ಬಿಳಿ ಮಾತ್ರೆಯಾಗಿ ಹೆಗ್ಗನಹಳ್ಳಿಯ ನಮ್ಮ ಮನೆಗೇ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮಗಳಿಗೆ ಆಗ ಹತ್ತೊಂಬತ್ತು. ಬಿ.ಕಾಂ. ಎರಡನೇ ವರ್ಷ. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೋಮಾರಿತನ ಎಂದು ಗದರಿದೆ. ಆಮೇಲೆ ತಾನಾಗಿಯೇ ಎದ್ದಳು. ಕೆಲವು ತಿಂಗಳು ಕಳೆದ ಮೇಲೆ ಇದ್ದಕ್ಕಿದ್ದಂತೆ ಅವಳಿಗೆ ನಿದ್ದೆಯೇ ಬೇಡವಾಯಿತು. ರಾತ್ರಿ ಎರಡು ಗಂಟೆಗೆ ತಾರಸಿ ಗುಡಿಸುವುದು, ನಿಲ್ಲದ ಮಾತು, ತಾಯಿಯ ಚೀಟಿ ದುಡ್ಡಿನಲ್ಲಿ ಗೆಳತಿಯರಿಗೆಲ್ಲ ಉಡುಗೊರೆ. ಮೊದಲ ವಾರ “ಹುಡುಗಿ ಚುರುಕಾದಳು” ಎಂದು ನಾವು ಸಂತೋಷಪಟ್ಟೆವು! ದೃಷ್ಟಿ ತೆಗೆಸಿ ಎಂದವರಿದ್ದರು, ತೆಗೆಸಿದ್ದೂ ಆಯಿತು. ಕೊನೆಗೆ ಮನೋವೈದ್ಯೆಯೊಬ್ಬರು ಅಂದು ಮಲಗಿದ್ದನ್ನೂ ಇಂದಿನ ಓಡಾಟವನ್ನೂ ಸೇರಿಸಿ ನೋಡಿ, ಇದು ಬೈಪೋಲಾರ್ ಕಾಯಿಲೆ ಎಂದರು. ಮನಸ್ಸು ಒಮ್ಮೆ ಪಾತಾಳಕ್ಕಿಳಿದು ಇನ್ನೊಮ್ಮೆ ಆಕಾಶಕ್ಕೇರುವ ಕಾಯಿಲೆ.

ಉದ್ವೇಗ ಇಳಿದ ಮೇಲೆ, ಮನಸ್ಸನ್ನು ಸಮಸ್ಥಿತಿಯಲ್ಲಿ ಹಿಡಿದಿಡಲು ದೀರ್ಘಕಾಲದ ಔಷಧಿ ಆರಿಸಬೇಕಾಗಿತ್ತು. ವೈದ್ಯೆ ಮುಖ್ಯವಾಗಿ ಎರಡು ಹೆಸರು ಹೇಳಿದರು: ಲಿಥಿಯಂ ಮತ್ತು ವಾಲ್ಪ್ರೋಯೇಟ್. “ಎರಡರಲ್ಲಿ ಒಳ್ಳೆಯದು ಯಾವುದು?” ಎಂದೆ. “ಮೇಷ್ಟ್ರೇ, ಇದು ಒಂದು ಅಂಕದ ಪ್ರಶ್ನೆಯಲ್ಲ” ಎಂದು ನಕ್ಕರು.

ಲಿಥಿಯಂ ಹಳೆಯ ಔಷಧಿ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಉನ್ಮಾದದ ರೋಗಿಗಳಿಗೆ ಅದನ್ನು ಕೊಟ್ಟು, ಗುಣ ಕಂಡದ್ದನ್ನು 1949ರಲ್ಲಿ ಪ್ರಕಟಿಸಿದರು. ಅದು ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅದರ ಅಳತೆ ಬಹಳ ಸೂಕ್ಷ್ಮ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷ. ಹಾಗಾಗಿ ಆಗಾಗ ರಕ್ತ ಪರೀಕ್ಷೆ, ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ತಪಾಸಣೆ ತಪ್ಪದು. ವಾಲ್ಪ್ರೋಯೇಟ್‌ಗೆ ಇಷ್ಟೊಂದು ಸೂಜಿಯ ಕಾಟವಿಲ್ಲ. ನನ್ನ ಮನಸ್ಸು ಅದರ ಕಡೆಗೇ ವಾಲಿತು. ತಿಂಗಳಿಗೊಮ್ಮೆ ಲ್ಯಾಬಿಗೆ ಹೋದರೆ ಬೀದಿಯವರು ಕೇಳುವುದಿಲ್ಲವೇ?

ವೈದ್ಯೆ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. ಗರ್ಭಿಣಿಯರು ವಾಲ್ಪ್ರೋಯೇಟ್ ತೆಗೆದುಕೊಂಡರೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಅಂಗದೋಷ, ಮೂರು ನಾಲ್ಕು ಮಕ್ಕಳಿಗೆ ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ ಆಗಬಹುದು. ಅದಕ್ಕೇ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಸಾಧ್ಯವಾದಷ್ಟೂ ಅದನ್ನು ಕೊಡುವುದಿಲ್ಲ ಎಂದು ವಿವರಿಸಿದರು. ಗರ್ಭದ ಸಮಯದಲ್ಲಿ ಲಿಥಿಯಂಗೂ ಎಚ್ಚರ ಬೇಕು, ಆದರೆ ಅಪಾಯ ಅಷ್ಟಿಲ್ಲ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಲಿಥಿಯಂ ಇರಲಿ. ಸೂಜಿ ಚುಚ್ಚಿಸಿಕೊಳ್ಳುವವಳು ನಾನಲ್ಲವಾ ಅಪ್ಪಾ?” ಎಂದಳು. ನಾನು ಬೀದಿಯವರ ಬಗ್ಗೆ ಯೋಚಿಸುತ್ತಿದ್ದೆ. ಅವಳು ತನ್ನ ಮುಂದಿನ ಬದುಕಿನ ಬಗ್ಗೆ.

ಮುಂದಿನ ಬೇಸಿಗೆಯಲ್ಲಿ ನನಗೆ ಬಿ.ಪಿ. ಬಂತೆಂದು ನನ್ನಾಕೆ ಮನೆಯ ಸಾರಿಗೆ ಉಪ್ಪು ಕಡಿಮೆ ಮಾಡಿದಳು. ಎರಡು ವಾರದಲ್ಲಿ ಮಗಳ ಕೈ ನಡುಗತೊಡಗಿತು, ವಾಂತಿಯೂ ಆಯಿತು. ಪರೀಕ್ಷಿಸಿದರೆ 0.7 ಇದ್ದ ಲಿಥಿಯಂ 1.2ಕ್ಕೆ ಏರಿತ್ತು! ಸೋಡಿಯಂ, ಲಿಥಿಯಂ ಎರಡೂ ಒಂದೇ ಗುಂಪಿನವು. ಉಪ್ಪು ಸಾಲದಾದಾಗ ಮೂತ್ರಪಿಂಡ ಸೋಡಿಯಂ ಅನ್ನು ಹಿಡಿದಿಡುವ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಗುಂಪಿನ ಗುಣವನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದವನಿಗೆ ಅಡುಗೆಮನೆಯಲ್ಲಿ ಅದು ಹೊಳೆಯಲೇ ಇಲ್ಲ. ಉಪ್ಪು, ನೀರು ದಿನವೂ ಒಂದೇ ಹದದಲ್ಲಿರಬೇಕು, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು, ವಾಂತಿ ಭೇದಿಯಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು ಎಂಬುದನ್ನು ಆಗ ಕಲಿತೆವು.

ಅದಕ್ಕಿಂತ ದೊಡ್ಡ ತಪ್ಪು ಮಾಡಿದವನೂ ನಾನೇ. ಒಂದೂವರೆ ವರ್ಷ ಎಲ್ಲ ಚೆನ್ನಾಗಿತ್ತು. ಸಂಬಂಧವೊಂದು ಕೇಳಿಕೊಂಡು ಬಂತು. “ಈಗ ಹುಷಾರಾಗಿದ್ದೀಯಲ್ಲ, ಮಾತ್ರೆ ಸಾಕು” ಎಂದೆ. ವೈದ್ಯರನ್ನು ಕೇಳಲಿಲ್ಲ. ಮಗಳು ಬೇಡವೆಂದಳು, ನಾನು ಬಿಡಲಿಲ್ಲ. ಮೂರನೇ ವಾರಕ್ಕೆ ಮತ್ತೆ ರಾತ್ರಿಯ ತಾರಸಿ. ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ವೈದ್ಯೆ ಹೇಳಿದಾಗ ತಲೆ ಎತ್ತಲಾಗಲಿಲ್ಲ. ಅವಳ ಕೊನೆಯ ವರ್ಷದ ಪರೀಕ್ಷೆ ಆ ಸಲ ಕೈತಪ್ಪಿತು. ಆ ಸಂಬಂಧವೂ ಉಳಿಯಲಿಲ್ಲ. ಅದಕ್ಕೆ ನನಗೆ ಈಗ ಬೇಸರವಿಲ್ಲ.

ಮಗಳು ಮತ್ತೆ ಲಿಥಿಯಂ ಶುರುಮಾಡಿ, ಮರುವರ್ಷ ಪದವಿ ಮುಗಿಸಿ, ಪೀಣ್ಯದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಿದ್ದಾಳೆ. ಇದನ್ನು ಬರೆಯಲು ಅವಳೇ ಒಪ್ಪಿಗೆ ಕೊಟ್ಟಳು. ತಂದೆ ತಾಯಿಯರಲ್ಲಿ ನನ್ನದು ಇಷ್ಟೇ ಅರಿಕೆ: ಔಷಧಿಯ ಮಾತು ಬಂದಾಗ ಮಗುವನ್ನು ಹೊರಗೆ ಕೂರಿಸಬೇಡಿ, ಅದನ್ನು ಶುರುಮಾಡುವುದೂ ನಿಲ್ಲಿಸುವುದೂ ವೈದ್ಯರ ಮುಂದೆಯೇ ಆಗಲಿ. ವಿದ್ಯಾರ್ಥಿಗಳೇ, ನಿದ್ದೆ, ಮಾತು, ಮನಸ್ಸು ಹಿಡಿತ ತಪ್ಪುತ್ತಿದೆ ಅನ್ನಿಸಿದರೆ ಮುಚ್ಚಿಡಬೇಡಿ. ಮನೆಯಲ್ಲಿ ಹೇಳಲು ಅಂಜಿಕೆಯಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮೊನ್ನೆ ಲ್ಯಾಬಿನಿಂದ ಬಂದವಳು ಬಾಗಿಲಲ್ಲೇ ಕೂಗಿದಳು: “0.7 ಅಪ್ಪಾ!” ಬೀದಿಯವರು ಕೇಳಿಸಿಕೊಂಡಿರಬೇಕು. ಕೇಳಿಸಿಕೊಳ್ಳಲಿ.