ಮಂದಗಾಮಿನಿಯ ದುಡಿಮೆ

'ನದೀ' ಎಂಬ ಶಬ್ದಕ್ಕೆ ಧ್ವನಿಗೈವುದೆಂಬರ್ಥದ ಧಾತುವು ಮೂಲವಾದರೆ, 'ಸರಿತ್' ಎಂಬುದಕ್ಕೆ ಸರಿದುಹೋಗುವುದೆಂಬರ್ಥದ ಧಾತುವು ಮೂಲ. ಉಡುಪಿ ಜಿಲ್ಲೆಯ ವಾರಾಹಿಯು ಈ ಎರಡು ಹೆಸರುಗಳನ್ನೂ ಸಾರ್ಥಕಗೊಳಿಸಿರುವಳು. ಘಟ್ಟವನ್ನಿಳಿಯುವಲ್ಲಿ ಆಕೆ ನದಿ; ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಶಕ್ತಿಯನ್ನು ಹುಟ್ಟಿಸಬಲ್ಲವಳು. ಕುಂದಾಪುರದ ಬಳಿ ಮತ್ತೆ ನಾಲ್ಕು ಹೊಳೆಗಳೊಡನೆ ಬೆರೆತು, ಪಂಚಗಂಗಾವಳಿಯೆನಿಸಿ, ಗಂಗೊಳ್ಳಿಯ ಅಳಿವೆಯನ್ನು ಸೇರುವಾಗಲಾದರೋ ಬರಿಯ ಸರಿತ್ತು, ಸದ್ದಿಲ್ಲ, ಆತುರವಿಲ್ಲ, ಉಬ್ಬರ ಬಂದರೆ ಹಿಂದಕ್ಕೂ ಸರಿಯುವಳು.

ಈ ಕರಾವಳಿಯ ಹಿನ್ನೀರುಗಳಲ್ಲಿ ಪಂಜರಗಳನ್ನು ತೇಲಿಬಿಟ್ಟು ಕುರುಡಿ, ಕೆಂಬೇರಿ ಮೊದಲಾದ ಮೀನುಗಳನ್ನು ಸಾಕುವವರೂ, ದಡದ ಕೆರೆಗಳಲ್ಲಿ ಸಿಗಡಿಯನ್ನು ಬೆಳೆಸುವವರೂ ಉಂಟು. ಕೆರೆಯವನಿಗೆ ಇರುಳೇ ಭಯ. ಹಗಲಿನಲ್ಲಿ ನೀರೊಳಗಣ ಪಾಚಿಯು ಬಿಸಿಲಿನ ಬಲದಿಂದ ಆಮ್ಲಜನಕವನ್ನು ಹುಟ್ಟಿಸುವುದು. ರಾತ್ರಿಯಲ್ಲಿ ಪಾಚಿಯೂ ಜಲಚರಗಳೂ ಕೂಡಿ ಅದನ್ನೇ ಉಣ್ಣುವುವು. ಅರುಣೋದಯಕ್ಕೆ ಮುನ್ನ ನೀರಿನ ಉಸಿರು ತೀರ ಕಡಿಮೆ. ಆ ವೇಳೆಯಲ್ಲಿ ಗಾಳಿಯಾಡಿಸುವ ಯಂತ್ರವು ನಿಂತರೆ, ತಿಂಗಳುಗಟ್ಟಲೆಯ ದುಡಿಮೆಯು ಬೆಳಗಾಗುವುದರೊಳಗೆ ಸತ್ತು ತೇಲಬಹುದು. ವಿದ್ಯುತ್ತಂತಿ ತಲುಪದೆಡೆಯಲ್ಲಿ ಆ ಯಂತ್ರಕ್ಕೆ ಡೀಸೆಲ್ ಎಣ್ಣೆಯೇ ಗತಿ. ಎಣ್ಣೆಯ ಡಬ್ಬಿಯನ್ನು ದೋಣಿಯಲ್ಲಿ ಹೊತ್ತು ತರುವವನಿಗೆ, ದೋಣಿಯಡಿಯ ಈ ನೀರೇ ಏಕೆ ದುಡಿಯಬಾರದೆಂದು ತೋರುವುದು ಸಹಜವಷ್ಟೆ.

ದುಡಿಯಬಲ್ಲುದು, ಆದರೆ ಅದರ ಲೆಕ್ಕವು ಕಠಿನ. ಹರಿವ ನೀರಿನ ಶಕ್ತಿಯು ವೇಗದ ಘನವನ್ನು ಅನುಸರಿಸುವುದು. ಸೆಕೆಂಡಿಗೆ 1 ಮೀಟರು ಸರಿಯುವ ನೀರಿನಲ್ಲಿ 1 ಚದರ ಮೀಟರಿನ ಚಕ್ರವನ್ನಿಟ್ಟರೆ, ಅದನ್ನು ಹಾದುಹೋಗುವ ಶಕ್ತಿಯು ಸುಮಾರು 500 ವಾಟ್. ವೇಗವು ಅರ್ಧವಾದರೆ ಸುಮಾರು 62 ಮಾತ್ರ. ಅದರಲ್ಲಿಯೂ ಶೇಕಡಾ 59ಕ್ಕಿಂತ ಹೆಚ್ಚು ದಕ್ಕದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಎಂಬ ವಿದ್ವಾಂಸನು ಗಾಳಿಚಕ್ರಗಳ ವಿಷಯದಲ್ಲಿ 1920ರಲ್ಲಿ ತೋರಿಸಿದನು. ಬಯಲು ಹೊಳೆಯ ಚಕ್ರಕ್ಕೂ ಅದೇ ನಿಯಮ. ಮೂರನೆಯ ಒಂದಂಶ ಕೈಗೆ ಬಂದರೆ ಸಾಕೆನ್ನಬೇಕು. ಒಂದು ಅಶ್ವಶಕ್ತಿಯ ಯಂತ್ರಕ್ಕೋ 746 ವಾಟ್ ಬೇಕು. ಮೇಲಾಗಿ ಉಬ್ಬರ ಇಳಿತಗಳ ನಡುವೆ ನೀರು ಸ್ತಬ್ಧವಾಗುವುದು. ಆ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಜಾರುವುದು. ಅಷ್ಟಮಿಯ ಸಮೀಪದಲ್ಲಿ ಸೆಳವೇ ಕುಗ್ಗುವುದು. ಸಿಗಡಿಯ ಉಸಿರಾಟವು ಪಂಚಾಂಗವನ್ನು ನೋಡಿ ನಡೆಯತಕ್ಕುದಲ್ಲ.

ಹೊಳೆಯ ನಡುವಣ ಪಂಜರಗಳ ಸ್ಥಿತಿಯು ಬೇರೆ. ಅಲ್ಲಿ ಸರಿಯುವ ನೀರೇ ಕ್ಷಣಕ್ಷಣಕ್ಕೂ ಹೊಸ ಉಸಿರನ್ನು ತಂದು, ಕಶ್ಮಲವನ್ನು ಒಯ್ಯುವುದರಿಂದ, ಗಾಳಿಯ ಯಂತ್ರದ ಅವಶ್ಯಕತೆಯು ಬಹಳ ಅಲ್ಪ. ಹರಿವಿರುವಲ್ಲಿ ಯಂತ್ರವು ಬೇಡ, ಯಂತ್ರವು ಬೇಕಾದ ಕೆರೆಯಲ್ಲಿ ಹರಿವಿಲ್ಲ! ಆದುದರಿಂದ ಮಂದಗಾಮಿನಿಯ ಮೊದಲ ದುಡಿಮೆಯು ನೀರನ್ನು ಬದಲಾಯಿಸುವುದೇ ಆಗಿದೆ. ಉತ್ತರ ಕನ್ನಡದ ಅಘನಾಶಿನಿಯ ತೀರದ ಗಜನಿ ಗದ್ದೆಗಳವರು ಇದನ್ನು ಹಿಂದೆಯೇ ಅರಿತಿದ್ದರು. ಮಳೆಗಾಲದಲ್ಲಿ ಕಗ್ಗ ಭತ್ತ, ಅನಂತರ ಸಿಗಡಿ ಮೀನು. ಕಟ್ಟೆಯ ತೂಬಿನ ಹಲಗೆಯನ್ನು ಉಬ್ಬರ ಇಳಿತಗಳಿಗೆ ತಕ್ಕಂತೆ ಎತ್ತಿಳಿಸಿ, ಸಮುದ್ರದಿಂದಲೇ ಕೂಲಿಯಿಲ್ಲದೆ ಕೆಲಸ ಮಾಡಿಸಿಕೊಂಡರು.

ತೂಬಿನ ಕೆಲಸವು ಮುಗಿದ ಮೇಲೆ ಚಕ್ರಕ್ಕೂ ಸ್ಥಾನವುಂಟು. ಇಕ್ಕಟ್ಟಾದ ಕಾಲುವೆಯ ಬಾಯಲ್ಲಿ, ವೇಗವು ಹೆಚ್ಚಿರುವೆಡೆ ನೆಟ್ಟರೆ, ಹಗಲಿರುಳು ದೊರೆಯುವ ಅಲ್ಪಶಕ್ತಿಯನ್ನು ಬ್ಯಾಟರಿಯಲ್ಲಿ ಕೂಡಿಟ್ಟು, ಕಾವಲಿನ ದೀಪವನ್ನೂ ಆಮ್ಲಜನಕವನ್ನಳೆಯುವ ಉಪಕರಣವನ್ನೂ ನಡೆಸಬಹುದು. ಅಪಾಯವನ್ನು ಮೊದಲೇ ತಿಳಿಸುವ ಆ ಉಪಕರಣವು, ಎಣ್ಣೆಯ ಯಂತ್ರವನ್ನು ಇರುಳೆಲ್ಲ ಉರಿಸುವ ದುಂದನ್ನು ತಪ್ಪಿಸೀತು. ಮಳೆಗಾಲದಲ್ಲಿ ಮರದ ದಿಮ್ಮಿಗಳು ತೇಲಿಬರುವಾಗ ಚಕ್ರವನ್ನು ದಡಕ್ಕೆತ್ತಿಡತಕ್ಕದ್ದು.

ಚಕ್ರಕ್ಕೆ ಹಣ ತೆರುವ ಮುನ್ನ ಗೃಹಸ್ಥನು ಕಾಲುವೆಯ ದಡದಲ್ಲಿ 10 ಮೀಟರು ಅಳೆದು ಎರಡು ಗೂಟಗಳನ್ನು ನೆಡಲಿ. ಎಳನೀರಿನ ಬುರುಡೆಯೊಂದನ್ನು ತೇಲಿಬಿಟ್ಟು, ಅದು ಗೂಟದಿಂದ ಗೂಟಕ್ಕೆ ಸಾಗುವ ಸೆಕೆಂಡುಗಳನ್ನು ಎಣಿಸಲಿ. ಅಮಾವಾಸ್ಯೆಯಂದು ಎಣಿಸಿದಂತೆಯೇ ಅಷ್ಟಮಿಯಂದೂ ಎಣಿಸಲಿ. ಒಂದು ಪಕ್ಷದ ಈ ಎಣಿಕೆಯು ಆತನಿಗೆ ಸಾಲದ ಹೊರೆಯನ್ನು ತಪ್ಪಿಸಬಹುದು.